ಗಡಿ ಕಾಯುವವನ ಹೊಲ ಬೀಳು ಬೀಳದಿರಲಿ



ಮುಂಗಾರಿನ ಹದಮಳೆ ಬಿದ್ದು ನಾಲ್ಕಾರು ದಿನ ಕಳೆದ ಮೇಲೆ ನಿಮ್ಮ ಊರಿನ ಹೊಲಗಳನ್ನು ಒಮ್ಮೆ ಸುತ್ತಿ ನೋಡಿ. ಎಲ್ಲ ಕಡೆ ನೇಗಿಲೋ ಟ್ರ್ಯಾಕ್ಟರೋ ಓಡಿ ಮಣ್ಣು ಮಗುಚಿರುತ್ತದೆ. ನಡುವೆ ಒಂದೆರಡು ಹೊಲಗಳು ಮಾತ್ರ ಹಿಂದಿನ ವರ್ಷದ ಕೂಳೆಯನ್ನೇ ಹೊತ್ತು ನಿಂತಿರುತ್ತವೆ. ಯಾರದೆಂದು ವಿಚಾರಿಸಿದರೆ, "ಅದು ಮಿಲಿಟರಿಯವರ ಹೊಲ, ಅವನು ಊರಲ್ಲಿಲ್ಲ" ಎಂಬ ಉತ್ತರ ಹಲವು ವೇಳೆ ಬರುತ್ತದೆ.

ಅವನು ಊರಲ್ಲಿಲ್ಲ ನಿಜ. ಆದರೆ ನಾವು ಇದ್ದೇವಲ್ಲ? ಈ ವಾರದ ಲೇಖನದಲ್ಲಿ ಬೀಜ, ಗೊಬ್ಬರದ ಮಾತಿನ ಜೊತೆಗೆ ಈ ವಿಷಯವನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ಸೈನಿಕನಿಗೆ, ಅವನ ಮನೆಯವರಿಗೆ ಹಳ್ಳಿಯ ರೈತರು ಮಾಡಬಹುದಾದ ಸಹಾಯ ಯಾವುದು, ಅದನ್ನು ಹೇಗೆ ಮಾಡಬೇಕು ಎಂಬುದೇ ಆ ವಿಷಯ.

1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು "ಜೈ ಜವಾನ್, ಜೈ ಕಿಸಾನ್" ಎಂದು ಕರೆಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಇವರಿಬ್ಬರೂ ಬೇರೆ ಬೇರೆ ಜನರಲ್ಲ. ಅಣ್ಣ ಕಿಸಾನನಾದರೆ ತಮ್ಮ ಜವಾನ. ಎಷ್ಟೋ ಮನೆಗಳಲ್ಲಿ ಒಬ್ಬನೇ ಮಗ ಎರಡೂ ಆಗಿರುತ್ತಾನೆ. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ದಂಡನಾಯಕನನ್ನು ಕೊಟ್ಟ ನಾಡು ನಮ್ಮದು. 1949ರ ಜನವರಿ 15ರಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡರು. ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತಾರೆ. ಕೊಡಗು, ಬೆಳಗಾವಿ, ಧಾರವಾಡ, ವಿಜಯಪುರ, ಹಾಸನದಂಥ ಜಿಲ್ಲೆಗಳ ಒಕ್ಕಲು ಮನೆಗಳಿಂದ ಹುಡುಗರು ಇಂದಿಗೂ ಸೇನೆಗೆ ಹೋಗುತ್ತಿದ್ದಾರೆ. ಅವರ ಹಿಂದೆ ಊರಲ್ಲಿ ಉಳಿಯುವುದು ಎರಡು ಮೂರು ಎಕರೆ ಹೊಲ, ವಯಸ್ಸಾದ ತಂದೆತಾಯಿ, ಹೆಂಡತಿ ಮತ್ತು ಶಾಲೆಗೆ ಹೋಗುವ ಮಕ್ಕಳು.

ಬೇಕಾದದ್ದು ಹಣವಲ್ಲ, ಸರದಿ

"ಅವರಿಗೇನು ಕಡಿಮೆ? ತಿಂಗಳು ತಿಂಗಳು ಸಂಬಳ ಬರುತ್ತದೆ" ಎಂದು ಊರಿನಲ್ಲಿ ಮಾತಾಡುವವರಿದ್ದಾರೆ. ಸಂಬಳ ಬರುತ್ತದೆ, ಸುಳ್ಳಲ್ಲ. ಆದರೆ ಹದ ಬಂದಾಗ ಟ್ರ್ಯಾಕ್ಟರಿನವನು ಮೊದಲು ತನ್ನ ಹೊಲ ಉಳುತ್ತಾನೆ, ಆಮೇಲೆ ಅಣ್ಣತಮ್ಮಂದಿರದು, ಆಮೇಲೆ ಎದುರಿಗೆ ಬಂದು ಜೋರು ಮಾಡುವವರದು. ಮನೆಯಲ್ಲಿ ಗಂಡಸಿಲ್ಲದ ಹೆಣ್ಣುಮಗಳು ನಾಲ್ಕು ಸಲ ಹೇಳಿಕಳಿಸಿದರೂ ಅವಳ ಹೊಲಕ್ಕೆ ಬರುವ ಹೊತ್ತಿಗೆ ತೇವ ಆರಿರುತ್ತದೆ. ಕೂಲಿಯವರ ವಿಷಯವೂ ಹೀಗೆಯೇ. "ಮಿಲಿಟರಿ ಮನೆ" ಎಂದು ಐವತ್ತು ರೂಪಾಯಿ ಹೆಚ್ಚಿಗೆ ಕೇಳುವವರೂ ಉಂಟು.

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇರುತ್ತದೆ. ಆದರೆ ಅವನು ಕೇಳಿದಾಗ ರಜೆ ಸಿಗಬೇಕೆಂದಿಲ್ಲ, ರಜೆ ಸಿಕ್ಕಾಗ ಮಳೆ ಬರಬೇಕೆಂದಿಲ್ಲ. ಗಡಿಯಲ್ಲಿ ಬಿಗುವು ಹೆಚ್ಚಿದರೆ ಮಂಜೂರಾದ ರಜೆಯೂ ರದ್ದಾಗುತ್ತದೆ. ಆಗ ಸಂಬಳದ ಹಣ ಕೈಯಲ್ಲಿದ್ದರೂ ಬಿತ್ತನೆ ತಪ್ಪುತ್ತದೆ. ಆದ್ದರಿಂದ ಆ ಮನೆಗೆ ಊರಿನಿಂದ ಬೇಕಾದದ್ದು ದಾನವಲ್ಲ. ಹದದಲ್ಲಿ ಒಂದು ಸರದಿ, ಕಚೇರಿಯಲ್ಲಿ ಜೊತೆಗೊಬ್ಬ ಮನುಷ್ಯ, ಬದುವಿನ ಮೇಲೊಂದು ಕಣ್ಣು, ಇಷ್ಟೇ. ಇಷ್ಟನ್ನು ಕೊಡುವುದಕ್ಕೆ ನಮಗೆ ಕಾಸು ಖರ್ಚಿಲ್ಲ.

ಬಿತ್ತನೆಗೆ ಮೊದಲೇ ಪಟ್ಟಿ ಮಾಡಿ

ಏಪ್ರಿಲ್ ತಿಂಗಳಲ್ಲಿಯೇ ವಾಚನಾಲಯದಲ್ಲಿ ನಾಲ್ಕು ಜನ ಕುಳಿತು ಊರಿನ ಸೈನಿಕರ ಮನೆಗಳ ಪಟ್ಟಿ ಬರೆಯಿರಿ. ಸೇವೆಯಲ್ಲಿ ಇರುವವರು, ಸೈನಿಕರ ವಿಧವೆಯರು, ಗಾಯಗೊಂಡು ಮರಳಿದವರು, ಮೂವರನ್ನೂ ಸೇರಿಸಿ. ಪ್ರತಿ ಮನೆಯ ಮುಂದೆ ಹೊಲ ಎಷ್ಟು, ಉಳಲು ಯಾರಿದ್ದಾರೆ, ಎತ್ತು ಇದೆಯೇ, ಬೀಜ ಇದೆಯೇ ಎಂದು ಗುರುತು ಹಾಕಿ. ಪಟ್ಟಿ ನೋಡಿದಾಗ ನಿಜವಾಗಿ ನೆರವು ಬೇಕಾದ ಮನೆಗಳು ಎರಡೋ ಮೂರೋ ಇರುತ್ತವೆ. ಅದು ಇಡೀ ಊರಿಗೆ ಹೊರೆಯಲ್ಲ.

ನಂತರ ಟ್ರ್ಯಾಕ್ಟರ್ ಮತ್ತು ಕೂರಿಗೆ ಇರುವವರೊಡನೆ ಮಾತಾಡಿ. ನಾನು ಕೆಲಸ ಮಾಡಿದ ಒಂದು ಹೋಬಳಿಯ ಹಳ್ಳಿಯಲ್ಲಿ ಯುವಕರು ಒಂದು ಸರಳ ಕಟ್ಟಳೆ ಮಾಡಿಕೊಂಡರು. ಟ್ರ್ಯಾಕ್ಟರಿನವನು ತನ್ನ ಹೊಲ ಮುಗಿಸಿದ ಕೂಡಲೇ ಎರಡನೆಯ ಸರದಿ ಸೈನಿಕರ ಹೊಲಕ್ಕೆ. ಬಾಡಿಗೆ ಎಲ್ಲರಿಗೂ ಇದ್ದಷ್ಟೇ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಪುಕ್ಕಟೆ ಉತ್ತುಕೊಟ್ಟರೆ ಎರಡನೆಯ ವರ್ಷಕ್ಕೆ ಬೇಸರ ಬರುತ್ತದೆ, ತೆಗೆದುಕೊಳ್ಳುವವರಿಗೂ ಸಂಕೋಚ. ಹಣ ಪಡೆದು ಹೊತ್ತಿಗೆ ಉತ್ತುಕೊಟ್ಟರೆ ಕಟ್ಟಳೆ ನಿಲ್ಲುತ್ತದೆ. ಕಳೆ ತೆಗೆಯುವುದಕ್ಕೆ, ಕೊಯ್ಲಿಗೆ ನಮ್ಮ ಹಿರಿಯರ ಮುಯ್ಯಾಳು ಪದ್ಧತಿ ಇದ್ದೇ ಇದೆ. ಸೈನಿಕನ ಹೆಂಡತಿ ನಿಮ್ಮ ಹೊಲಕ್ಕೆ ಒಂದು ದಿನ ಬಂದರೆ ನೀವು ಅವಳ ಹೊಲಕ್ಕೆ ಒಂದು ದಿನ ಹೋಗಿ.

ಆಳು ಕಡಿಮೆ ಇರುವ ಮನೆಗೆ ಬೆಳೆಯ ಆಯ್ಕೆಯಲ್ಲೂ ಎಚ್ಚರ ಬೇಕು. ದಿನವೂ ನೀರು ಕಟ್ಟಬೇಕಾದ, ವಾರಕ್ಕೊಮ್ಮೆ ಔಷಧಿ ಹೊಡೆಯಬೇಕಾದ ತರಕಾರಿ ಬೆಳೆಗೆ ಅವರನ್ನು ಹುರಿದುಂಬಿಸಬೇಡಿ. ದಕ್ಷಿಣದ ಕೆಂಪು ಭೂಮಿಯ ಮಳೆಯಾಶ್ರಿತ ಹೊಲಗಳಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯಂತೆ ಕೂರಿಗೆಯಲ್ಲಿ ಬಿತ್ತಿದರೆ ಎಡೆಕುಂಟೆ ಹೊಡೆಯಲು ಸುಲಭ, ಕಳೆಯ ಕೂಲಿ ಉಳಿಯುತ್ತದೆ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಬಿತ್ತನೆ ಜುಲೈಗೆ ಹೋದರೆ ಸುಮಾರು 110 ರಿಂದ 115 ದಿನಗಳಲ್ಲಿ ಬರುವ ಜಿ.ಪಿ.ಯು. 28 ತಳಿಯನ್ನು ಆರಿಸಿಕೊಳ್ಳಬಹುದು. ಇದು ಬೆಂಕಿ ರೋಗವನ್ನು ತಡೆದುಕೊಳ್ಳುವ ತಳಿ. ಉತ್ತರದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತಬೇಕು. ಅದಕ್ಕಿಂತ ಮೊದಲಾದರೆ ಸುಳಿ ನೊಣದ ಕಾಟ, ತಡವಾದರೆ ಕಾಳು ಕಟ್ಟುವ ಹೊತ್ತಿಗೆ ಭೂಮಿಯಲ್ಲಿ ತೇವ ಇರುವುದಿಲ್ಲ. ಸೈನಿಕನ ಹೊಲವನ್ನು ಕೊನೆಗೆ ಬಿತ್ತುವುದೆಂದರೆ ಅವನ ಇಳುವರಿಯನ್ನು ನಾವೇ ತೆಗೆದುಹಾಕಿದಂತೆ.

ಹೊಲದ ಒಂದು ಭಾಗ ದೂರದಲ್ಲಿದ್ದು ನೋಡಿಕೊಳ್ಳಲು ಸಾಧ್ಯವೇ ಇಲ್ಲವೆಂದರೆ ಅಲ್ಲಿ ಮಾವು, ಹುಣಸೆ, ಗೋಡಂಬಿಯಂಥ ಗಿಡಗಳನ್ನು ಹಾಕಲು ಸಲಹೆ ಕೊಡಿ. ಮೊದಲ ಎರಡು ಮೂರು ಬೇಸಿಗೆ ನೀರು ಕೊಟ್ಟು, ದನಕರು ಬಾಯಿ ಹಾಕದಂತೆ ಬೇಲಿ ಹಾಕಿದರೆ, ಸೈನಿಕ ಸೇವೆ ಮುಗಿಸಿ ಬರುವ ಹೊತ್ತಿಗೆ ಅವನಿಗಾಗಿ ತೋಟವೊಂದು ಕಾಯುತ್ತಿರುತ್ತದೆ.

ಮೂರು ಗಡುವುಗಳನ್ನು ನೆನಪಿಸಿ

ಗಂಡಸು ಊರಲ್ಲಿಲ್ಲದ ಮನೆಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಗಡುವುಗಳು ಮೂರು.

ಮೊದಲನೆಯದು ಬೆಳೆ ವಿಮೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಕಂತು ಕಟ್ಟಿದರಷ್ಟೇ ಸಾಲದು. ಆಲಿಕಲ್ಲು ಬಿದ್ದಾಗ, ಹೊಲದಲ್ಲಿ ನೀರು ನಿಂತಾಗ 72 ಗಂಟೆಗಳ ಒಳಗೆ ತಿಳಿಸಬೇಕು. ನಿಮ್ಮ ಹೊಲದ ಹಾನಿಯನ್ನು ತಿಳಿಸಲು ಹೋಗುವಾಗ ಪಕ್ಕದ ಸೈನಿಕನ ಮನೆಯವರನ್ನೂ ಕರೆದುಕೊಂಡು ಹೋಗಿ.

ಎರಡನೆಯದು ಬೆಳೆ ಸಮೀಕ್ಷೆ. ಹೊಲದಲ್ಲಿ ಯಾವ ಬೆಳೆ ಇದೆಯೆಂಬುದು ಮೊಬೈಲ್ ಮೂಲಕ ದಾಖಲಾಗದಿದ್ದರೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ, ಎಲ್ಲದಕ್ಕೂ ತೊಡಕು. ಊರಿಗೆ ಬರುವ ಸಮೀಕ್ಷೆಯ ಹುಡುಗನಿಗೆ ಆ ಹೊಲವನ್ನು ತೋರಿಸಿಕೊಡಿ. ನಮೂದಾದ ಬೆಳೆ ಸರಿಯೇ ಎಂದು ಆ ಮನೆಯವರು ನೋಡಿಕೊಳ್ಳಲಿ.

ಮೂರನೆಯದು ಸಹಕಾರ ಸಂಘದ ಬೆಳೆಸಾಲ. ಬಡ್ಡಿಯ ರಿಯಾಯಿತಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ತಪ್ಪಿದರೂ ನಷ್ಟ. ಸಂಘದ ಕಾರ್ಯದರ್ಶಿಗಳು ಗಡುವಿಗೆ ಒಂದು ತಿಂಗಳು ಮೊದಲೇ ಆ ಮನೆಗೆ ಒಂದು ಮಾತು ಹೇಳಿಕಳಿಸಿದರೆ ಸಾಕು.

ಗುತ್ತಿಗೆಯ ಮಾತು ಬಾಯಲ್ಲಿ ಬೇಡ

ಸೈನಿಕರು ಹೊಲವನ್ನು ಗುತ್ತಿಗೆಗೆ ಕೊಡಲು ಹೆದರುತ್ತಾರೆ. ಕೊಟ್ಟರೆ ಉಳುವವನ ಪಾಲಾಗುತ್ತದೆಂಬ ಭಯ. 1974ರ ತಿದ್ದುಪಡಿಯಾದ ಮೇಲೆ ಕರ್ನಾಟಕ ಭೂಸುಧಾರಣಾ ಕಾಯಿದೆಯಲ್ಲಿ ಗೇಣಿಗೆ ನಿಷೇಧ ಬಂದದ್ದು ನಿಮಗೆಲ್ಲ ಗೊತ್ತು. ಆದರೆ ಅದೇ ಕಾಯಿದೆಯ 5ನೆಯ ಪ್ರಕರಣ ಸೈನಿಕರಿಗೆ ವಿನಾಯಿತಿ ಕೊಟ್ಟಿರುವುದು ಬಹಳ ಜನಕ್ಕೆ ತಿಳಿದಿಲ್ಲ. ಸೇವೆಯಲ್ಲಿರುವ ಸೈನಿಕ ತನ್ನ ಜಮೀನನ್ನು ಗೇಣಿಗೆ ಕೊಡಬಹುದು. ಸೇವೆ ಮುಗಿಸಿ ಬಂದು ತಾನೇ ಸಾಗುವಳಿ ಮಾಡುವುದಾದರೆ 15ನೆಯ ಪ್ರಕರಣದಂತೆ ನೋಟೀಸು ಕೊಟ್ಟು ಜಮೀನನ್ನು ಮರಳಿ ಪಡೆಯಬಹುದು. ಬಿಡದಿದ್ದರೆ ತಹಸೀಲ್ದಾರರಿಗೆ ಅರ್ಜಿ ಹಾಕಬಹುದು.

ಇದರ ಲಾಭ ಸಿಗಬೇಕಾದರೆ ಗೇಣಿ ಬರವಣಿಗೆಯಲ್ಲಿರಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಎಷ್ಟು ವರ್ಷ, ಗೇಣಿ ಎಷ್ಟು, ಯಾವ ತಿಂಗಳಲ್ಲಿ ಕೊಡಬೇಕು, ಹೊಲದ ಮರಗಳು ಯಾರಿಗೆ ಸೇರಿದ್ದು, ಇವೆಲ್ಲ ಕಾಗದದಲ್ಲಿರಲಿ. ಕೊಡುವವನು ಸೇವೆಯಲ್ಲಿರುವ ಸೈನಿಕನೆಂಬುದನ್ನೂ ಅದರಲ್ಲಿ ಬರೆಯಿರಿ. ಸೇವೆ ಮುಗಿದ ಮೇಲೆ ನೋಟೀಸು ಕೊಡುವುದರಲ್ಲಿ ತಡಮಾಡಬಾರದು. ನೀವು ಸೈನಿಕನ ಹೊಲವನ್ನು ಮಾಡುವವರಾಗಿದ್ದರೆ ಕಾಗದ ಕೇಳಿದ್ದಕ್ಕೆ ಬೇಸರಪಡಬೇಡಿ. ಕಾಗದ ಅವನನ್ನು ಕಾಯುವಂತೆ ನಿಮ್ಮನ್ನೂ ಕಾಯುತ್ತದೆ.

ಬೇಲಿಯೇ ಎದ್ದು ಹೊಲ ಮೇಯಬಾರದು

ಈ ಮಾತು ಹೇಳುವುದಕ್ಕೆ ಕಷ್ಟ. ಆದರೂ ಹೇಳಲೇಬೇಕು. ಸೈನಿಕನ ಹೊಲಕ್ಕೆ ಹಾನಿ ಮಾಡುವವರು ಹೆಚ್ಚಾಗಿ ದೂರದವರಲ್ಲ. ಬದುವನ್ನು ವರ್ಷಕ್ಕೊಂದು ಸಾಲು ಒತ್ತುವವನು ಪಕ್ಕದ ಹೊಲದವನು. ಒಟ್ಟು ಕುಟುಂಬದ ಆಸ್ತಿಯನ್ನು ಅವನು ಇಲ್ಲದಾಗ ಹಂಚಿಕೊಳ್ಳುವವರು ಅವನ ಸ್ವಂತ ದಾಯಾದಿಗಳು. ಹದಿನೇಳು ವರ್ಷ ಸೇವೆ ಮಾಡಿ ಮರಳಿದ ಒಬ್ಬ ಹವಾಲ್ದಾರರನ್ನು ನಾನು ಬಲ್ಲೆ. ಅವರ ಹೊಲಕ್ಕೆ ಹೋಗುವ ಬಂಡಿದಾರಿಯೇ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಪಿಂಚಣಿಯ ಮೊದಲ ಮೂರು ವರ್ಷವನ್ನು ಅವರು ದಾರಿ ಬಿಡಿಸಿಕೊಳ್ಳಲು ಕಚೇರಿ ಅಲೆಯುವುದರಲ್ಲಿ ಕಳೆದರು. ದೇಶದ ಗಡಿ ಕಾಯ್ದವನಿಗೆ ತನ್ನ ಹೊಲದ ಗಡಿ ಕಾಯಲು ಆಗಲಿಲ್ಲವೆಂದರೆ ಅದರಲ್ಲಿ ಊರಿನ ಹಿರಿಯರ ಪಾಲೂ ಇದೆ.

ಇದಕ್ಕೆ ಮುಂಜಾಗ್ರತೆಗಳಿವೆ. ಸೈನಿಕ ರಜೆಗೆ ಬಂದಾಗಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ ಬಾಂದು ಕಲ್ಲುಗಳನ್ನು ನೆಡಿಸಲಿ. ಅಕ್ಕಪಕ್ಕದವರು ಎದುರಿಗೇ ಇರಲಿ. ವರ್ಷಕ್ಕೊಮ್ಮೆ ಪಹಣಿ ತೆಗೆಸಿ 9ನೆಯ ಕಲಮಿನಲ್ಲಿ ಮಾಲೀಕನ ಹೆಸರು, 12ನೆಯ ಕಲಮಿನಲ್ಲಿ ಸಾಗುವಳಿದಾರ ಮತ್ತು ಬೆಳೆಯ ವಿವರ ಸರಿಯಾಗಿದೆಯೇ ಎಂದು ಮನೆಯವರು ನೋಡಿಕೊಳ್ಳಲಿ. ತಂದೆ ತೀರಿಕೊಂಡಿದ್ದರೆ ಪೌತಿ ಖಾತೆಯನ್ನು ಮುಂದೂಡಬಾರದು. ಹೆಂಡತಿಗೆ ಅಧಿಕಾರಪತ್ರ ಬರೆದುಕೊಡುವುದಾದರೆ ಸಾಗುವಳಿ, ಸಾಲ, ವಿಮೆ, ಕಚೇರಿ ಕೆಲಸಗಳಿಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆಯಬೇಕು. ಮಾರುವ ಅಧಿಕಾರವನ್ನು ಯಾರಿಗೂ ಸುಮ್ಮನೆ ಬರೆದುಕೊಡಬಾರದು.

ವ್ಯಾಜ್ಯ ಬಂದರೂ ಸೈನಿಕನಿಗೆ ರಕ್ಷಣೆಯಿದೆ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯಿದೆಯಂತೆ, ಯುದ್ಧ ಪರಿಸ್ಥಿತಿಯಲ್ಲಿ ಅಥವಾ ಸರಕಾರ ಗೊತ್ತುಪಡಿಸಿದ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡುತ್ತಿರುವ ಸೈನಿಕ ಸಿವಿಲ್ ಅಥವಾ ಕಂದಾಯ ನ್ಯಾಯಾಲಯಕ್ಕೆ ಬರಲಾಗದಿದ್ದರೆ ಮೊಕದ್ದಮೆಯನ್ನು ಮುಂದಕ್ಕೆ ಹಾಕಲು ಅವಕಾಶವಿದೆ. ಜಿಲ್ಲಾಧಿಕಾರಿಗಳೇ ನ್ಯಾಯಾಲಯಕ್ಕೆ ಈ ವಿಷಯ ತಿಳಿಸಬಹುದು. ಸೈನಿಕ ತನ್ನ ತೊಂದರೆಯನ್ನು ತನ್ನ ದಳದ ಕಮಾಂಡಿಂಗ್ ಅಧಿಕಾರಿಗೆ ಬರೆದುಕೊಟ್ಟರೆ ಅವರು ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ಅಧಿಕಾರಿಗಳಿಗೆ ಪತ್ರ ಬರೆಯುತ್ತಾರೆ. ಮನೆಗೆ ನೋಟೀಸು ಬಂದರೆ ಹೆಣ್ಣುಮಕ್ಕಳು ಅಂಜಿ ಅದನ್ನು ಅಕ್ಕಿಯ ಡಬ್ಬದಲ್ಲಿ ಮುಚ್ಚಿಡುವುದುಂಟು. ಹಾಗೆ ಆಗಬಾರದು. ಅಕ್ಷರ ಬಲ್ಲವರು ಓದಿ ಹೇಳಿ, ಅದರ ಚಿತ್ರವನ್ನು ಅಂದೇ ಮೊಬೈಲಿನಲ್ಲಿ ಅವನಿಗೆ ಕಳಿಸಲು ನೆರವಾಗಿ.

ಮನೆಯ ಕಾಗದಪತ್ರ

ಹೊಲದ ಕಾಗದದಷ್ಟೇ ಸೇವೆಯ ಕಾಗದವೂ ಮುಖ್ಯ. ಮದುವೆಯಾದದ್ದು, ಮಕ್ಕಳು ಹುಟ್ಟಿದ್ದು ಸೇನೆಯ ದಾಖಲೆಯಲ್ಲಿ ಬರೆಯಲ್ಪಡಬೇಕು. ಇದಕ್ಕೆ ಸೈನಿಕರು "ಪಾರ್ಟ್ ಟು ಆರ್ಡರ್" ಎನ್ನುತ್ತಾರೆ. ಇದು ಆಗದೆ ಇದ್ದರೆ ನಾಳೆ ಕುಟುಂಬ ಪಿಂಚಣಿಯಾಗಲಿ, ಚಿಕಿತ್ಸೆಯ ಕಾರ್ಡಾಗಲಿ ಸಿಗುವುದು ಕಷ್ಟ. ಮದುವೆಯ ನೋಂದಣಿ, ಜನನ ಪತ್ರ, ಆಧಾರ್, ಶಾಲೆಯ ದಾಖಲೆ, ಇವುಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ "ಲಕ್ಷ್ಮವ್ವ", ಇನ್ನೊಂದರಲ್ಲಿ "ಲಕ್ಷ್ಮೀಬಾಯಿ" ಎಂದಿದ್ದರೆ ಇಂದು ಸಣ್ಣ ಮಾತು, ನಾಳೆ ದೊಡ್ಡ ತೊಂದರೆ. ಗ್ರಾಮ ಪಂಚಾಯಿತಿಯವರು, ಶಾಲೆಯ ಮೇಷ್ಟ್ರು ಮನಸ್ಸು ಮಾಡಿದರೆ ಇದನ್ನು ಆರಂಭದಲ್ಲೇ ಸರಿಪಡಿಸಬಹುದು.

ಪಿಂಚಣಿ ಪಡೆಯುವ ಹಿರಿಯರು, ವಿಧವೆಯರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಈಗ ಪಿಂಚಣಿಯ ಲೆಕ್ಕ "ಸ್ಪರ್ಶ್" ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದೆ. ಬೆರಳಚ್ಚು ಕೂಡದ ಅಜ್ಜಿಯೊಬ್ಬರು ಎರಡು ಸಲ ಹೋಗಿ ಬಂದು ಸುಮ್ಮನಾದರೆ ಪಿಂಚಣಿ ನಿಲ್ಲುತ್ತದೆ. ಅಂಥವರನ್ನು ಬ್ಯಾಂಕಿಗೋ ಅಂಚೆ ಕಚೇರಿಗೋ ಸೇವಾ ಕೇಂದ್ರಕ್ಕೋ ಕರೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೂ ಜೊತೆಗಿರುವುದು ಅರ್ಧ ದಿನದ ಕೆಲಸ. ಅದರಿಂದ ಅವರ ಇಡೀ ವರ್ಷದ ಊಟ ಉಳಿಯುತ್ತದೆ. ನಿವೃತ್ತ ಸೈನಿಕರ ಚಿಕಿತ್ಸೆಗಾಗಿ 2003ರಿಂದ ಇ.ಸಿ.ಎಚ್.ಎಸ್. ಯೋಜನೆ ನಡೆದಿದೆ. ಪಾಲಿಕ್ಲಿನಿಕ್ ಜಿಲ್ಲಾ ಕೇಂದ್ರದಲ್ಲಿದ್ದರೆ ವಯಸ್ಸಾದವರಿಗೆ ಬಸ್ಸಿನ ಪ್ರಯಾಣವೇ ದೊಡ್ಡ ಕಷ್ಟ. ಸಂತೆಗೆ ವಾಹನ ಹೋಗುವ ದಿನ ಅವರಿಗೊಂದು ಜಾಗ ಇಡಿ.

ಪಿಂಚಣಿ ಇಲ್ಲದ ವಯೋವೃದ್ಧ ಮಾಜಿ ಸೈನಿಕರಿಗೆ, ಮಕ್ಕಳ ಓದಿಗೆ, ಹೆಣ್ಣುಮಕ್ಕಳ ಮದುವೆಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಸಹಾಯಧನ ಉಂಟು. ಅರ್ಜಿ ಹೋಗಬೇಕಾದದ್ದು ನಮ್ಮ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ. ಕೆಲವು ಜಿಲ್ಲೆಗಳು ಪಕ್ಕದ ಜಿಲ್ಲೆಯ ಕಚೇರಿಗೆ ಸೇರಿರುತ್ತವೆ. ನಿಮ್ಮ ಜಿಲ್ಲೆಗೆ ಯಾವುದೆಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ವಾಚನಾಲಯದ ಗೋಡೆಯ ಮೇಲೆ ಬರೆದಿಡಿ.

ನೆರವು ಕೇಳಿ ಮಾಡಿ

ಸಹಾಯ ಮಾಡುವ ಉತ್ಸಾಹದಲ್ಲಿ ಒಂದು ಮಾತನ್ನು ಮರೆಯಬಾರದು. ಗಂಡ ಊರಲ್ಲಿಲ್ಲದಾಗ ಆ ಹೊಲದ ಯಜಮಾನಿ ಅವನ ಹೆಂಡತಿ. ಯಾವ ಬೆಳೆ ಇಡಬೇಕು, ಯಾವಾಗ ಮಾರಬೇಕು ಎಂದು ತೀರ್ಮಾನಿಸುವವಳು ಅವಳು. ನಾವು ಹೇಳಬಹುದು, ಹೇರಬಾರದು. "ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬ ಗಾದೆಯಿದೆ. ಅವಳೇ ನಿಂತು ಮಾಡಿಸುವಂತೆ ಆದರೆ ಅದೇ ಉತ್ತಮ. ನಮ್ಮ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜೋಪಚಾರ, ಮಣ್ಣು ಪರೀಕ್ಷೆಯ ತರಬೇತಿ ನಡೆದಾಗ ಆ ಮನೆಯ ಹೆಣ್ಣುಮಗಳನ್ನು ಮರೆಯದೆ ಕರೆಯಿರಿ. ಹಿಂದಿನ ಸಾಲಿನಲ್ಲಲ್ಲ, ಮುಂದೆ ಕೂರಿಸಿ.

ಆ ಮನೆಗೆ ಕೆಲಸದ ಮಾತಿಗೆ ಹೋಗುವಾಗ ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಊರಿನ ನಾಲಿಗೆ ಹೇಗಿರುತ್ತದೆಂಬುದು ನಿಮಗೆ ಗೊತ್ತು. ಒಂದು ಹಗುರವಾದ ಮಾತು ಗಡಿಯವರೆಗೂ ಹೋಗುತ್ತದೆ. ಅಲ್ಲಿ ಬಂದೂಕು ಹಿಡಿದು ನಿಂತವನ ಎದೆಯಲ್ಲಿ ಅದು ಮಾಡುವ ಗಾಯಕ್ಕೆ ಮದ್ದಿಲ್ಲ.

ಎರಡು ಸಾಲು ಕಾಗದ ಬರೆಯಿರಿ. ಎತ್ತರದ ಠಾಣೆಗಳಲ್ಲಿ ಫೋನು ಸಿಗದ ದಿನಗಳು ಇಂದಿಗೂ ಉಂಟು. 56 ಎ.ಪಿ.ಒ., 99 ಎ.ಪಿ.ಒ. ಎಂಬ ಸೇನಾ ಅಂಚೆಯ ವಿಳಾಸಗಳಿಗೆ ಊರಿನ ಕಾಗದ ಹೋಗಿ ಮುಟ್ಟುತ್ತದೆ. ಮಳೆ ಎಷ್ಟಾಯಿತು, ನಿನ್ನ ರಾಗಿ ಎಷ್ಟೆತ್ತರ ಬಂತು, ಎಮ್ಮೆ ಕರು ಹಾಕಿತು, ಯಾರ ಟ್ರ್ಯಾಕ್ಟರ್ ಬಂದು ಉತ್ತಿತು ಎಂದು ಬರೆಯಿರಿ. ಅವನು ಇರುವ ಠಾಣೆ ಯಾವುದು, ದಳ ಎತ್ತ ಹೋಗುತ್ತಿದೆ ಎಂಬ ಸಂಗತಿಗಳನ್ನು ಮಾತ್ರ ಕೇಳಲೂ ಬೇಡಿ, ಮೊಬೈಲಿನಲ್ಲಿ ಹರಡಲೂ ಬೇಡಿ. ಪಿಂಚಣಿ ಕಚೇರಿಯಿಂದ ಮಾತಾಡುತ್ತಿದ್ದೇವೆಂದು ಫೋನು ಮಾಡಿ ಒ.ಟಿ.ಪಿ. ಕೇಳುವ ಮೋಸಗಾರರು ಇಂಥ ಮನೆಗಳನ್ನೇ ಹುಡುಕುತ್ತಾರೆ. ಆ ಅಂಕಿಯನ್ನು ಯಾರಿಗೂ ಹೇಳಬಾರದೆಂದು ಹಿರಿಯರಿಗೆ ತಿಳಿಹೇಳಿ.

ಕೆಟ್ಟ ಸುದ್ದಿ ಬಂದಾಗ

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮಪ್ರದೇಶದಲ್ಲಿ, 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಕ್ಕಿಕೊಂಡರು. ಅವರಲ್ಲಿ ಮೂವರು ನಮ್ಮ ರಾಜ್ಯದ ಧಾರವಾಡ, ಹಾಸನ ಮತ್ತು ಮೈಸೂರು ಜಿಲ್ಲೆಯವರು. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಹಿಮದಡಿಯಲ್ಲಿ ಜೀವಂತವಾಗಿ ಸಿಕ್ಕಿದ್ದೂ, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡದ್ದೂ ನಿಮ್ಮೆಲ್ಲರ ನೆನಪಿನಲ್ಲಿದೆ. ಆ ದಿನಗಳಲ್ಲಿ ನಾಡಿಗೆ ನಾಡೇ ಮಿಡಿಯಿತು.

ಅಂಥ ಸಾವಿನ ದಿನ ಊರಿಗೆ ಸಾವಿರಾರು ಜನ ಬರುತ್ತಾರೆ. ಹದಿನೈದು ದಿನ ಕಳೆದ ಮೇಲೆ ಯಾರೂ ಇರುವುದಿಲ್ಲ. ಊರಿನ ಕೆಲಸ ಆಗ ಶುರುವಾಗುತ್ತದೆ. ಯಾರು ಯಾರು ಏನೇನು ಕೊಡುತ್ತೇವೆಂದು ಹೇಳಿದರೋ ಅದನ್ನು ತಾರೀಖಿನ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಊರಿನ ಇಬ್ಬರು ನಂಬಿಕಸ್ಥರು ತಿಂಗಳಿಗೊಮ್ಮೆ ಅದರ ಬೆನ್ನು ಹತ್ತಲಿ. ಬಂದ ಹಣ ಆ ಹೆಣ್ಣುಮಗಳ ಹೆಸರಿನ ಖಾತೆಗೇ ಹೋಗಲಿ. ಒಂದು ವರ್ಷ ಅದನ್ನು ಠೇವಣಿಯಲ್ಲಿಟ್ಟು, ದುಃಖ ಇಳಿದ ಮೇಲೆ ಅವಳೇ ಯೋಚಿಸಿ ತೀರ್ಮಾನಿಸಲಿ. ಅತ್ತೆಮಾವಂದಿರಿಗೂ ಸೊಸೆಗೂ ಹಣದ ಕಾರಣಕ್ಕೆ ಮನಸ್ತಾಪ ಬರುವುದುಂಟು. ಎರಡೂ ಕಡೆಯವರ ಗೌರವಕ್ಕೆ ಪಾತ್ರರಾದ ಹಿರಿಯರು ಕುಳಿತು ಮಾತಾಡಿದರೆ ಅದು ನ್ಯಾಯಾಲಯದವರೆಗೆ ಹೋಗುವುದಿಲ್ಲ. ಸ್ಮಾರಕ ಕಟ್ಟುವುದು ಒಳ್ಳೆಯದೇ. ಆದರೆ ಸ್ಮಾರಕಕ್ಕೆ ಬಣ್ಣ ಬಳಿಯುವ ವರ್ಷ ಅವನ ಹೊಲವೂ ಬಿತ್ತನೆಯಾಗಿದೆಯೇ ಎಂದು ನೋಡಿ.

ಮರಳಿ ಬಂದವನನ್ನು ಒಕ್ಕಲಾಗಿಸಿ

ಪಿಂಚಣಿಗೆ ಬೇಕಾದ 15 ವರ್ಷ ಅಥವಾ ಅದಕ್ಕೆ ಎರಡು ವರ್ಷ ಹೆಚ್ಚು ಸೇವೆ ಮುಗಿಸಿ ಬರುವ ಜವಾನನಿಗೆ ನಲವತ್ತೂ ತುಂಬಿರುವುದಿಲ್ಲ. ಇನ್ನು 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಹುಡುಗರ ಸೇವೆ ನಾಲ್ಕೇ ವರ್ಷ. ಪ್ರಕಟಣೆಯಂತೆ ಅವರಲ್ಲಿ ಶೇ. 25ರಷ್ಟು ಮಂದಿಗೆ ಸೇನೆಯಲ್ಲಿ ಮುಂದುವರಿಯುವ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ, ಪಿಂಚಣಿ ಇಲ್ಲ. ಇಪ್ಪತ್ತೆರಡು, ಇಪ್ಪತ್ತೈದರ ಹುಡುಗ ಅಷ್ಟು ಹಣದೊಡನೆ ಊರಿಗೆ ಬಂದಾಗ ಸಲಹೆ ಕೊಡುವವರು, ಸಾಲ ಕೇಳುವವರು ಬಾಗಿಲಿಗೆ ಬರುತ್ತಾರೆ. ಒಬ್ಬ ಹೊಸ ಟ್ರ್ಯಾಕ್ಟರ್ ಕೊಳ್ಳೆನ್ನುತ್ತಾನೆ, ಇನ್ನೊಬ್ಬ ಮೂರು ಕೊಳವೆಬಾವಿ ಕೊರೆಸೆನ್ನುತ್ತಾನೆ.

ಅಂಥ ಹುಡುಗನಿಗೆ ನೀವು ಹೇಳಬೇಕಾದದ್ದು ಇಷ್ಟು. ಹಣದ ಹೆಚ್ಚಿನ ಪಾಲು ಠೇವಣಿಯಲ್ಲಿರಲಿ. ಒಂದು ಮುಂಗಾರು, ಒಂದು ಹಿಂಗಾರು ಅಪ್ಪನ ಜೊತೆ ಬೇಸಾಯ ಮಾಡಿ ನೋಡು. ಹೊಲದ ಎಂಟು ಹತ್ತು ಕಡೆ ಒಂದು ಗೇಣು ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕೊಡು. ಎರಡು ಹಸುಗಳಿಂದ ಹೈನು ಶುರುಮಾಡಿ ಲೆಕ್ಕ ಬರೆ. ಟ್ರ್ಯಾಕ್ಟರ್ ಬೇಕಾದರೆ ವರ್ಷಕ್ಕೆ ಎಷ್ಟು ಗಂಟೆ ಕೆಲಸ ಸಿಗುತ್ತದೆಂದು ಲೆಕ್ಕ ಹಾಕಿದ ಮೇಲೆ ಕೊಳ್ಳು. ಈ ಬುದ್ಧಿಮಾತನ್ನು ಹೇಳುವುದಕ್ಕೆ ಅವನ ಹಣದಲ್ಲಿ ಪಾಲು ಬಯಸದ ಒಬ್ಬ ಹಿರಿಯ ಊರಲ್ಲಿ ಇರಬೇಕು.

ಮರಳಿ ಬಂದ ಸೈನಿಕರಿಂದ ಊರಿಗೂ ಲಾಭವಿದೆ. ಯಂತ್ರ ದುರಸ್ತಿ, ವಾಹನ ಚಾಲನೆ, ಪ್ರಥಮ ಚಿಕಿತ್ಸೆ, ಲೆಕ್ಕಪತ್ರ ಬಲ್ಲವರು ಅವರಲ್ಲಿದ್ದಾರೆ. ಹಾಲಿನ ಸಂಘಕ್ಕೆ, ನೀರು ಬಳಕೆದಾರರ ಸಂಘಕ್ಕೆ ಅಂಥವರನ್ನು ಕರೆಯಿರಿ. ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಯುದ್ಧದ ಕತೆ ಹೇಳುವುದಕ್ಕೆ ಮಾತ್ರ ಅವರನ್ನು ಬಿಡಬೇಡಿ.

ಈ ತಿಂಗಳೇ ಆರಂಭಿಸಿ

1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಣೆಯಲ್ಲಿದೆ. ಅಂದು ಸಂಗ್ರಹವಾಗುವ ಹಣ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ ಹೋಗುತ್ತದೆ. ಒಕ್ಕಣೆಯ ಕಾಲಕ್ಕೆ ಬರುವ ಈ ದಿನ ಕಣದಿಂದ ಒಂದು ಮೊರ ರಾಗಿಯ ಬೆಲೆಯನ್ನಾದರೂ ಕೊಟ್ಟು ರಸೀದಿ ಪಡೆಯಿರಿ.

ಆದರೆ ಅದಕ್ಕಾಗಿ ಡಿಸೆಂಬರ್ ತನಕ ಕಾಯಬೇಕಿಲ್ಲ. ಈ ಪುಟವನ್ನು ಓದಿ ಮುಗಿಸಿದ ಮೇಲೆ ಒಂದು ಹಾಳೆ ತೆಗೆದುಕೊಂಡು ನಿಮ್ಮ ಊರಿನ ಸೈನಿಕರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆಗಳನ್ನು ಹಾಕಿ: ಈ ಹೊಲವನ್ನು ಈ ಸಲ ಉಳುವವರು ಯಾರು? ಈ ಮನೆಗೆ ಕಚೇರಿಗೆ ಜೊತೆಯಾಗುವವರು ಯಾರು? ಈ ಬದುವಿನ ಕಲ್ಲುಗಳು ಇದ್ದಲ್ಲಿಯೇ ಇವೆಯೇ? ಉತ್ತರ ಸಿಗದ ಜಾಗದಲ್ಲಿ ನಿಮ್ಮದೇ ಹೆಸರು ಬರೆದುಕೊಳ್ಳಿ. ಬೆಳೆಯ ಆಯ್ಕೆ, ಬೀಜ, ಮಣ್ಣು ಪರೀಕ್ಷೆ, ವಿಮೆಯ ವಿಷಯಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸೈನಿಕರ ಮನೆಯವರು ಬಂದರೆ ಅವರನ್ನು ಎರಡನೆಯ ಸಲ ಓಡಾಡಿಸದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹದ ಬಂದಾಗ ಅವರ ಹೊಲಕ್ಕೆ ಸರದಿ ಕೊಡುವುದು ನಿಮ್ಮ ಕೆಲಸ.